ನಿಮಗಿದು ಗೊತ್ತೆ? ಮಿಕ್ಕಿಯ ಮನೆಗೆ ಮಹಾವೀರರು
1939ರಲ್ಲಿ ನ್ಯೂಯಾರ್ಕಿನಲ್ಲಿ ಜನ್ಮತಾಳಿ, 1996ರಲ್ಲಿ ದಿವಾಳಿಯನ್ನೂ ಕಂಡು ಚೇತರಿಸಿಕೊಂಡಿದ್ದ ಮಾರ್ವೆಲ್ ಎಂಬ ಚಿತ್ರಕಥಾ ಪ್ರಕಾಶನವನ್ನು, ಐದು ಸಾವಿರ ಪಾತ್ರಗಳ ಸಮೇತವಾಗಿ, ಡಿಸ್ನಿ ಸಂಸ್ಥೆಯು ಸುಮಾರು 400 ಕೋಟಿ ಡಾಲರುಗಳಿಗೆ ಕೊಳ್ಳಲಿದೆಯೆಂಬ ವಾರ್ತೆ 2009ರ ಆಗಸ್ಟ್ 31ರಂದು ಪ್ರಕಟವಾದಾಗ, ಬಾಲ್ಯದಿಂದಲೂ ಆ ಪುಟಗಳನ್ನೇ ಓದಿ ಬೆಳೆದಿದ್ದ ಅನೇಕ ಅಭಿಮಾನಿಗಳ ಹೃದಯದಲ್ಲಿ ಉದಿಸಿದ್ದು ಹರ್ಷಕ್ಕಿಂತ ಹೆಚ್ಚಾಗಿ ಆತಂಕ. ಡಿಸ್ನಿಯ ಮಿಕ್ಕಿ ಮೌಸನ ಬಿಳಿಯ ಕೈಗವಸಿನಿಂದ ಮಾರ್ವೆಲ್ಲಿನ ವೀರ ವುಲ್ವರೀನನ ಲೋಹನಖಗಳು ಹೊರಚಾಚಿದಂಥ ಚಿತ್ರಗಳನ್ನು ಅವರು ಬರೆದು ಹಂಚಿದರು. ಅದು ಬರಿಯ ವಿನೋದವಲ್ಲ, ತಮ್ಮ ವೀರರ ರೌದ್ರವು ಶಿಶುರಂಜನೆಯ ಸೌಮ್ಯತೆಯಲ್ಲಿ ಕರಗಿಹೋದೀತೆಂಬ ಕಳವಳ, ಅದು ಅಕಾರಣವಾದುದೆಂದು ಹೇಳಲಾಗದು. ಆದರೆ ವುಲ್ವರೀನನ ಚಲನಚಿತ್ರದ ಹಕ್ಕು ಆಗ ಫಾಕ್ಸ್ ಸಂಸ್ಥೆಯಲ್ಲಿಯೂ, ಸ್ಪೈಡರ್‌ಮ್ಯಾನನದು ಸೋನಿಯಲ್ಲಿಯೂ ಇದ್ದುದರಿಂದ, ಅತ್ಯಂತ ಜನಪ್ರಿಯರಾದ ಆ ಇಬ್ಬರೂ ಒಡನೆಯೇ ಡಿಸ್ನಿಯ ತೆರೆಗೆ ಬರುವಂತಿರಲಿಲ್ಲ.