ನಕುಲನಿಗೆ ಎಷ್ಟು ಪುಟ?

ಮಾಗಡಿ, ಕುಣಿಗಲ್, ನೆಲಮಂಗಲದ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಸದ್ದು ಕೇಳತೊಡಗಿತೆಂದರೆ ‘ಕುರುಕ್ಷೇತ್ರ’ ನಾಟಕದ ಪ್ರಾಕ್ಟೀಸು ಶುರುವಾಯಿತೆಂದು ಲೆಕ್ಕ. ಪಾತ್ರ ಬೇಕಾದವರು ಹಣ ಹಾಕಬೇಕು. ದುರ್ಯೋಧನ, ಕೃಷ್ಣ, ಭೀಮ, ಕರ್ಣರಿಗೆ ದರವೂ ಹೆಚ್ಚು, ಪೈಪೋಟಿಯೂ ಹೆಚ್ಚು. ನಕುಲ, ಸಹದೇವ ಸಾಮಾನ್ಯವಾಗಿ ಕೊನೆಗೆ ಉಳಿದು, ಮೊದಲ ಸಲ ಬಣ್ಣ ಹಚ್ಚುವ ಹುಡುಗರ ಪಾಲಿಗೆ ಬರುತ್ತಾರೆ. ಧರ್ಮರಾಯನ ಪಕ್ಕದಲ್ಲಿ ಬಿಲ್ಲೋ ಕತ್ತಿಯೋ ಹಿಡಿದು ನಿಂತು, ಅಣ್ಣಂದಿರ ಮಾತಿಗೆ ತಲೆಯಾಡಿಸಿದರೆ ಅವರ ಕೆಲಸ ಬಹುಪಾಲು ಮುಗಿಯಿತು.

ಸೂಪರ್‌ಹೀರೋ ತಂಡಗಳ ಕಾಮಿಕ್ಸ್ ಓದುವವರಿಗೂ ಈ ಇಬ್ಬರ ಪರಿಚಯ ಚೆನ್ನಾಗಿಯೇ ಇದೆ, ಹೆಸರು ಮಾತ್ರ ಬೇರೆ. ಹತ್ತಾರು ವರ್ಷ ನಡೆದ ತಂಡದ ಕಥೆಯೊಂದನ್ನು ದಪ್ಪ ಸಂಪುಟವಾಗಿ ಕಟ್ಟಿ ಕೈಗಿಟ್ಟಾಗ ಅದು ಒಳ್ಳೆಯದೋ ಅಲ್ಲವೋ ಎಂದು ಅಳೆಯುವುದು ಹೇಗೆ? ರಾತ್ರಿಯಿಡೀ ‘ಕುರುಕ್ಷೇತ್ರ’ ನೋಡಿ ಬೆಳಗ್ಗೆ ಟೀ ಅಂಗಡಿಯಲ್ಲಿ ಅದರ ವಿಮರ್ಶೆ ಮಾಡುವ ಮಾಗಡಿ ಸೀಮೆಯ ಪ್ರೇಕ್ಷಕರಲ್ಲಿ ಆ ಅಳತೆಗೋಲು ಆಗಲೇ ಇದೆ.

ಕನ್ನಡದಲ್ಲೇ ಹುಟ್ಟಿದ್ದು

ನಮ್ಮಲ್ಲಿ ತಂಡದ ವೀರಕಥೆಯ ಅತಿ ದೊಡ್ಡ ಕಾಮಿಕ್ಸ್ ಎಂದರೆ ಅಮರ ಚಿತ್ರ ಕಥೆಯ ‘ಮಹಾಭಾರತ’. ಈ ಮಾಲಿಕೆಯ ಬೇರು ಬೆಂಗಳೂರಿನಲ್ಲಿದೆ. ಇಂಡಿಯಾ ಬುಕ್ ಹೌಸ್‌ನಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆಯಂತೆ 1965ರಲ್ಲಿ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಅವು ಪಶ್ಚಿಮದ ಮಕ್ಕಳ ಕಥೆಗಳಾಗಿದ್ದವು. ಆ ಹತ್ತು ಪುಸ್ತಕಗಳು ಮೊದಲೇ ಬಂದಿದ್ದರಿಂದಲೇ ಇಂಗ್ಲಿಷಿನ ‘ಕೃಷ್ಣ’ನಿಗೆ ಹನ್ನೊಂದನೆಯ ಸಂಖ್ಯೆ ಸಿಕ್ಕಿತು. 1967ರಿಂದ ಮಾಲಿಕೆಯನ್ನು ಪುರಾಣ, ಇತಿಹಾಸಗಳ ಕಡೆಗೆ ತಿರುಗಿಸಿ ಬೆಳೆಸಿದ ಸಂಪಾದಕ ಅನಂತ ಪೈ, ಕಾರ್ಕಳದಲ್ಲಿ ಹುಟ್ಟಿದವರು.

ಭೀಷ್ಮ, ಕರ್ಣ, ಅಭಿಮನ್ಯು, ಘಟೋತ್ಕಚ, ದ್ರೌಪದಿ ಎಂದು ಒಬ್ಬೊಬ್ಬರ ಕಥೆಯನ್ನು ಬಿಡಿಬಿಡಿಯಾಗಿ ಹೇಳಿದ ಮೇಲೆ, 1985ರಿಂದ ಇಡೀ ಭಾರತವನ್ನು 42 ಸಂಚಿಕೆಗಳಲ್ಲಿ ಹೇಳಲು ಹೊರಟರು. ಸಂಚಿಕೆಗೆ 32 ಪುಟವೆಂದರೂ 1,344 ಪುಟ. ಆಮೇಲೆ ಅದು ಮೂರು ಸಂಪುಟಗಳ ಕಟ್ಟಾಗಿ ಬಂತು. ಬಿಡಿ ಸಂಚಿಕೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಊರು ತಲುಪುವುದರೊಳಗೆ ಮುಗಿಸಬಹುದಿತ್ತು. ಸಂಪುಟ ಹಾಗಲ್ಲ, ವರ್ಷಗಟ್ಟಲೆ ಹರಡಿಕೊಂಡು ಬಂದದ್ದನ್ನು ಒಂದೇ ವಾರದಲ್ಲಿ ಓದುವಾಗ, ಆಗ ಕಾಣದ ಹುಳುಕುಗಳೆಲ್ಲ ಎದ್ದು ಕಾಣುತ್ತವೆ.

ಮೊದಲು ನೋಡಬೇಕಾದ್ದು ಪಾಲು

ತಂಡದ ಪ್ರತಿಯೊಬ್ಬರಿಗೂ ಕಥೆಯಲ್ಲಿ ಪಾಲು ಸಿಕ್ಕಿದೆಯೇ ಎಂಬುದು ಮೊದಲ ಪರೀಕ್ಷೆ. ಅಮೆರಿಕದಲ್ಲಿ 1963ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಜೋಡಿ ‘ಎಕ್ಸ್–ಮೆನ್’ ಆರಂಭಿಸಿದಾಗ ಅಲ್ಲಿಯೂ ಗುರು ಒಬ್ಬ, ಶಿಷ್ಯರು ಐವರು. ಕೆಲವೇ ವರ್ಷಗಳಲ್ಲಿ ಮಾರಾಟ ಕುಸಿದು, 1970ರಿಂದ ಹಳೆಯ ಕಥೆಗಳನ್ನೇ ಮರುಮುದ್ರಿಸುವ ಸ್ಥಿತಿ ಬಂತು. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ ಕೀನ್ಯಾ, ಜರ್ಮನಿ, ರಷ್ಯಾ, ಕೆನಡಾ, ಜಪಾನ್ ಎಂದು ದೇಶದೇಶಗಳ ಹೊಸಬರನ್ನು ಸೇರಿಸಿ ತಂಡವನ್ನು ಮತ್ತೆ ಕಟ್ಟಿದರು. ಅದರಲ್ಲಿ ಅಮೆರಿಕದ ಮೂಲನಿವಾಸಿ ಅಪಾಚೆ ಜನಾಂಗದ ಥಂಡರ್‌ಬರ್ಡ್ ಕೂಡ ಇದ್ದ. ಬಂದ ಮೂರನೆಯ ಸಂಚಿಕೆಯಲ್ಲೇ ಅವನನ್ನು ಸಾಯಿಸಿದರು. ಸಂಪುಟದಲ್ಲಿ ಓದಿದರೆ ಅವನು ಬಂದದ್ದೂ ಹೋದದ್ದೂ ಒಂದೇ ಗುಕ್ಕಿನಲ್ಲಿ ನಡೆದುಹೋಗುತ್ತದೆ, ಮರುಗಲೂ ಪುರುಸೊತ್ತಿಲ್ಲ. ಅದೇ ತಂಡವನ್ನು 1991ರವರೆಗೆ ಬರೆದ ಕ್ರಿಸ್ ಕ್ಲೇರ್ಮಾಂಟ್ ಗೆದ್ದದ್ದು ಉಳಿದವರಿಗೆ ಒಬ್ಬೊಬ್ಬರಿಗೂ ಒಂದು ಸ್ವಂತ ಸಂಕಟ ಕೊಟ್ಟು, ಅದನ್ನು ನಿಧಾನವಾಗಿ ಬೆಳೆಸಿದ್ದರಿಂದ.

ತಂಡ ಒಂದೇ ಆದರೂ ಬರೆಯುವವರು ಯಾರನ್ನು ಮುಂದಕ್ಕೆ ತರುತ್ತಾರೆ ಎಂಬುದರ ಮೇಲೆ ಕಥೆ ಬದಲಾಗುವುದು ಕನ್ನಡಿಗರಿಗೆ ಹೊಸದಲ್ಲ. ಪಂಪ ಅರಿಕೇಸರಿಗಾಗಿ ಅರ್ಜುನನನ್ನು ಆರಿಸಿಕೊಂಡ, ದ್ರೌಪದಿಯನ್ನು ಅವನೊಬ್ಬನ ಹೆಂಡತಿಯಾಗಿಸಿದ. ರನ್ನ ಸತ್ಯಾಶ್ರಯನಿಗಾಗಿ ಭೀಮನನ್ನು ಹಿಡಿದ. ಕುಮಾರವ್ಯಾಸನಿಗೆ ಕೃಷ್ಣನೇ ಎಲ್ಲ. ಆಶ್ರಯ ಕೊಟ್ಟ ಯಾವ ರಾಜನೂ ತನ್ನನ್ನು ನಕುಲನಿಗೆ ಹೋಲಿಸು ಎಂದು ಕೇಳಿದಂತಿಲ್ಲ.

ಹಾಗೆಂದು ಮೂಲಕಥೆ ಅವಳಿಗಳನ್ನು ಬರಿಗೈಲಿ ಕಳಿಸಿಲ್ಲ. ರಾಜಸೂಯಕ್ಕೆ ಮುನ್ನ ದಕ್ಷಿಣ ದಿಕ್ಕು ಗೆಲ್ಲಲು ಬಂದವನು ಸಹದೇವ, ಪಶ್ಚಿಮಕ್ಕೆ ಹೋದವನು ನಕುಲ. ಜೂಜಿನ ದಾಳ ಉರುಳಿಸಿದ ಶಕುನಿಯನ್ನು ಹದಿನೆಂಟನೆಯ ದಿನ ಕೊಂದವನು ಸಹದೇವ. ವಿರಾಟನ ಊರಿನ ಅಜ್ಞಾತವಾಸವಂತೂ ತಂಡದ ಕಾಮಿಕ್ಸ್‌ಗೆ ಹೇಳಿ ಮಾಡಿಸಿದ ಭಾಗ. ಎಲ್ಲರಿಗೂ ಗುಟ್ಟಿನ ವೇಷ, ಎಲ್ಲರಿಗೂ ಒಂದೊಂದು ಕಸುಬು: ಒಬ್ಬ ಅಡುಗೆಮನೆಯಲ್ಲಿ, ಒಬ್ಬ ನಾಟ್ಯಶಾಲೆಯಲ್ಲಿ, ನಕುಲ ಲಾಯದಲ್ಲಿ, ಸಹದೇವ ದನಗಳ ನಡುವೆ. ಆದ್ದರಿಂದ ಯಾವುದೇ ಭಾರತದ ಚಿತ್ರಸಂಪುಟ ಕೈಗೆ ಬಂದರೆ ವಿರಾಟಪರ್ವವನ್ನೂ ಶಕುನಿ ಸಾಯುವ ಪುಟವನ್ನೂ ಮೊದಲು ತೆಗೆದು ನೋಡಬೇಕು. ಭೀಮ ಕೀಚಕನನ್ನು ಕೊಲ್ಲುವುದನ್ನು ಎಲ್ಲರೂ ಚೆನ್ನಾಗಿಯೇ ಬರೆಯುತ್ತಾರೆ.

ಹೇಳಿದ್ದೇ ಹೇಳುವುದು, ಕೈ ಬದಲಾಗುವುದು

ಎರಡನೆಯ ಪರೀಕ್ಷೆ ಪುನರಾವರ್ತನೆ. ಪ್ರತಿ ಸಂಚಿಕೆಯನ್ನೂ ಯಾರೋ ಒಬ್ಬರು ಮೊದಲ ಸಲ ಓದುತ್ತಿರುತ್ತಾರೆ ಎಂಬುದು ಅಮೆರಿಕದ ಕಾಮಿಕ್ಸ್ ಸಂಪಾದಕರ ಹಳೆಯ ಪಾಠ. ಹಾಗಾಗಿ ‘ಎಕ್ಸ್–ಮೆನ್’ ತಂಡದ ವೊಲ್ವರೀನ್ ತನ್ನ ಉಗುರುಗಳ ಗಟ್ಟಿತನವನ್ನು ಮತ್ತೆ ಮತ್ತೆ ವಿವರಿಸುತ್ತಾನೆ. ಮೂಡಲಪಾಯ ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದಾಗ ಸಾರಥಿ ‘ತಾವು ಯಾರು’ ಎಂದು ಕೇಳುವುದೂ ಇಂಥದೇ ಅಗತ್ಯಕ್ಕೆ. ನಡುರಾತ್ರಿ ಬಂದು ಕೂತವನಿಗೂ ಕಥೆ ತಿಳಿಯಬೇಕು. ಆದರೆ ಆ ಪ್ರಶ್ನೆಗೆ ಉತ್ತರ ಹೇಳುವಾಗಲೇ ವೇಷಧಾರಿ ತನ್ನ ಕುಣಿತ, ಗತ್ತು, ಮಾತುಗಾರಿಕೆ ತೋರಿಸುತ್ತಾನೆ. ಕಾಮಿಕ್ಸ್ ಸಂಪುಟದಲ್ಲೂ ಪರಿಚಯದ ಮಾತು ಬರಲಿ, ಅದರ ಜತೆ ಪಾತ್ರದ ಸ್ವಭಾವವೂ ಬಂದರೆ ಕ್ಷಮಿಸಬಹುದು. ಬರೀ ಮಾಹಿತಿಯಾದರೆ ಮೂರನೆಯ ಸಲಕ್ಕೆ ಪುಟ ಹಾರಿಸುತ್ತೇವೆ.

ಮೂರನೆಯದು ಚಿತ್ರಕಾರರ ಬದಲಾವಣೆ. ‘ಎಕ್ಸ್–ಮೆನ್’ 1977ರಲ್ಲಿ ಕಾಕ್ರಮ್ ಕೈಯಿಂದ ಜಾನ್ ಬರ್ನ್ ಕೈಗೆ ಹೋದಾಗ ಮುಖ, ಮೈಕಟ್ಟು, ಪುಟದ ಜೋಡಣೆ ಎಲ್ಲವೂ ಬದಲಾದವು. ಇದಕ್ಕೆ ನಮ್ಮ ಹಳ್ಳಿಯ ಪ್ರೇಕ್ಷಕ ಗಾಬರಿಯಾಗುವವನಲ್ಲ. ‘ಕುರುಕ್ಷೇತ್ರ’ದ ಆಹ್ವಾನ ಪತ್ರಿಕೆಯಲ್ಲೇ 1ನೇ ಕೃಷ್ಣ, 2ನೇ ಕೃಷ್ಣ ಎಂದು ಇಬ್ಬಿಬ್ಬರ ಹೆಸರಿರುತ್ತದೆ. ಎರಡನೆಯವನು ಮೊದಲಿನವನ ಹಾಗೆ ಇದ್ದಾನೆಯೇ ಎಂದು ಯಾರೂ ನೋಡುವುದಿಲ್ಲ, ಕೃಷ್ಣನ ಹಾಗೆ ಇದ್ದಾನೆಯೇ ಎಂದು ನೋಡುತ್ತಾರೆ. ಬರ್ನ್ ಗೆದ್ದದ್ದೂ ಅಲ್ಲೇ.

ಕೊನೆಯದು, ಎಲ್ಲಿ ನಿಲ್ಲಿಸಿದ್ದಾರೆ ಎಂಬುದು. 1980ರಲ್ಲಿ ಬಂದ ‘ಎಕ್ಸ್–ಮೆನ್’ನ ‘ಡಾರ್ಕ್ ಫೀನಿಕ್ಸ್’ ಕಥೆ ಮೂಲದಲ್ಲಿ 129ರಿಂದ 138ನೇ ಸಂಚಿಕೆಯವರೆಗೆ ಹರಡಿಕೊಂಡಿದೆ. ಪುಟದ ಲೆಕ್ಕ ಮುಗಿಯಿತೆಂದು ಅದನ್ನು ನಡುವೆ ಕಡಿದರೆ ಆ ಸಂಪುಟಕ್ಕೆ ಅರ್ಥವಿಲ್ಲ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ. ಮುಂದಿನ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಆದರೂ ಕುಮಾರವ್ಯಾಸನದು ಅರ್ಧಕ್ಕೆ ನಿಂತ ಕಾವ್ಯ ಅನ್ನಿಸುವುದಿಲ್ಲ. ನಿಲ್ಲಿಸಿದ ಜಾಗ ಅಂಥದು.

ತೀರ್ಪು

ಈ ನಾಲ್ಕನ್ನು ಅಮರ ಚಿತ್ರ ಕಥೆಯ ಮೂರು ಸಂಪುಟಗಳಿಗೆ ಹಿಡಿದು ನೋಡೋಣ. ಚಿತ್ರದಲ್ಲಿ ಅದು ಗಟ್ಟಿ. ದಿಲೀಪ್ ಕದಂ ಅವರ ಕೈ ಈ ಉದ್ದನೆಯ ಕಥೆಗೆ ಒಂದು ಹದ ತಂದಿದೆ. ಸ್ವರ್ಗಾರೋಹಣದವರೆಗೂ ಹೋಗುವುದರಿಂದ ನಿಲುಗಡೆಯ ತೊಂದರೆಯಿಲ್ಲ. ಕಥೆ ಮುಂದಕ್ಕೆ ಓಡುತ್ತಲೇ ಇರುವುದರಿಂದ ಹೇಳಿದ್ದೇ ಹೇಳುವ ಬೇಸರವೂ ಕಡಿಮೆ. ಸೋಲುವುದು ಪಾಲಿನಲ್ಲಿ. ಸಂಚಿಕೆಗಳ ಹೆಸರಿನಲ್ಲಿ ಭೀಷ್ಮ ಇದ್ದಾನೆ, ದ್ರೋಣ, ಕರ್ಣ ಇದ್ದಾರೆ, ಅರ್ಜುನ ಮತ್ತೆ ಮತ್ತೆ ಬರುತ್ತಾನೆ, ಮಾದ್ರಿಯ ಮಕ್ಕಳಿಲ್ಲ. ಒಳಗೂ ಇಬ್ಬರಲ್ಲಿ ನಕುಲ ಯಾರು, ಸಹದೇವ ಯಾರು ಎಂದು ತಿಳಿಯಲು ಬಹಳ ಕಡೆ ಮಾತಿನ ಗುಳ್ಳೆಯನ್ನೇ ಓದಬೇಕು. ಆದರೂ ನಾಲ್ಕರಲ್ಲಿ ಮೂರು ಗೆದ್ದ ಸಂಪುಟ; ಮನೆಯಲ್ಲಿ ಮಕ್ಕಳಿದ್ದರೆ ಕೊಳ್ಳಬೇಕಾದದ್ದೇ.

ಸೋತ ಆ ಒಂದು ಸಣ್ಣದೆನ್ನುವವರಿಗೆ ಭಾರತದಲ್ಲೇ ಉತ್ತರವಿದೆ. ಕೊಳದ ದಡದಲ್ಲಿ ನಾಲ್ವರು ತಮ್ಮಂದಿರೂ ಸತ್ತು ಬಿದ್ದಿರುವಾಗ, ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕು ಎಂದು ಯಕ್ಷ ಕೇಳುತ್ತಾನೆ. ಯುದ್ಧ ಮುಂದಿದೆ, ಭೀಮನೋ ಅರ್ಜುನನೋ ಬೇಕೆನ್ನುವುದು ಲೋಕದ ಲೆಕ್ಕ. ಧರ್ಮರಾಯ ಕೇಳಿದ್ದು ನಕುಲನನ್ನು. ಕುಂತಿಗೆ ತಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂದ. ಆ ಮಾತಿಗೆ ಮೆಚ್ಚಿ ಯಕ್ಷ ನಾಲ್ವರನ್ನೂ ಬದುಕಿಸಿದ. ತಂಡದ ಕಥೆ ಬರೆಯುವವರಿಗೂ, ಅದನ್ನು ಸಂಪುಟವಾಗಿ ಕಟ್ಟುವವರಿಗೂ ಇದಕ್ಕಿಂತ ನೇರವಾದ ಸೂತ್ರ ಬೇಕಿಲ್ಲ: ನಕುಲನನ್ನು ಉಳಿಸಿಕೊಂಡರೆ ಭೀಮಾರ್ಜುನರೂ ಉಳಿಯುತ್ತಾರೆ.