ಒಂದು ಬೆಂಕಿಪೊಟ್ಟಣ, ಎರಡೂವರೆ ಅಡಿ ವಾಲ್‌ಟ್ಯೂಬು

ಮೇಷ್ಟ್ರ ನಡುಮನೆಯ ಕಿಟಕಿಗೆ ಒಂದು ಗೋಳ ಇಳಿಬಿಟ್ಟಿದೆ. ಮೂವತ್ತು ಬೆಂಕಿಕಡ್ಡಿ, ಹನ್ನೆರಡು ಗಂಟು, ಇಪ್ಪತ್ತು ತ್ರಿಕೋನ. ಅಷ್ಟೇ ಅದರ ಮೈ. ಮೂವತ್ತು ವರ್ಷಕ್ಕೂ ಮೇಲೆ ಒಲೆಯ ಹೊಗೆ, ಬೀದಿಯ ಧೂಳು ಕುಡಿದು ಕಡ್ಡಿಗಳು ಬೆಲ್ಲದ ಬಣ್ಣಕ್ಕೆ ತಿರುಗಿವೆ. ಅವನ್ನು ಹಿಡಿದುಕೊಂಡಿರುವ ರಬ್ಬರು ಒಣಗಿ ಸೀಳು ಬಿಟ್ಟಿದೆ. ನಾನು ಕೈ ಚಾಚುತ್ತಿದ್ದಂತೆ ಮೇಷ್ಟ್ರು ಕುರ್ಚಿಯಿಂದಲೇ ಅಂದರು: "ಮುಟ್ಬೇಡಮ್ಮಾ, ಉದುರೋಗುತ್ತೆ."

ನಾನು ತಿಪಟೂರಿಗೆ ಹೋದದ್ದು ಇದೊಂದನ್ನು ನೋಡಲಿಕ್ಕೆ. ಆರನೇ ಕ್ಲಾಸಿನಲ್ಲಿ ನಾನು ಮಾಡಿದ ಗೋಳಕ್ಕೆ ಇದು ಜೊತೆಯದು. ಒಂದೇ ಮಧ್ಯಾಹ್ನ, ಒಂದೇ ಬೆಂಚಿನ ಮೇಲೆ ಹುಟ್ಟಿದವು. ನನ್ನದು ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಕಳೆದುಹೋಯಿತು. ಮೇಷ್ಟ್ರದು ಉಳಿದಿದೆ.

ಆ ಕಾಲದ ಮಕ್ಕಳ ಕೈಗೆ ಎಂಥೆಂಥ ಸಾಮಾನು ಬರುತ್ತಿತ್ತು! ಬೆಂಗಳೂರಿನ ಚಿಕ್ಕಪ್ಪನ ಮಗನ ಹತ್ತಿರ ಮೆಕ್ಯಾನಿಕ್ಸ್ ಸೆಟ್ಟಿತ್ತು: ಸಾಲು ತೂತಿನ ಲೋಹದ ಪಟ್ಟಿ, ನಟ್ಟು, ಬೋಲ್ಟು, ಕಿರುಬೆರಳಷ್ಟು ಸ್ಪ್ಯಾನರು. ಪಕ್ಕದ ಮನೆಯ ಅಕ್ಕ ರಬ್ಬರ್ ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹುಯ್ದು ಗಣಪತಿ, ಮೊಲ, ಬಾತುಕೋಳಿ ತೆಗೆಯುತ್ತಿದ್ದಳು. ಹಿಟ್ಟು ನೀರು ಕುಡಿದು ಗಟ್ಟಿಯಾಗುವಾಗ ಅಚ್ಚು ಬೆಚ್ಚಗಾಗುತ್ತಿತ್ತು. ಅದನ್ನು ಕೆನ್ನೆಗೆ ಒತ್ತಿಕೊಳ್ಳಲು ನಾವು ಸಾಲುಗಟ್ಟುತ್ತಿದ್ದೆವು. ತಂತಿಯ ಬಳೆಗೆ ಸ್ಟಾಕಿಂಗ್ ಬಟ್ಟೆ ಎಳೆದು ಕಟ್ಟಿದ ಹೂ, ಪ್ಲಾಸ್ಟಿಕ್ ವೈರಿನ ಬುಟ್ಟಿ, ಮಣಿಯ ಕುದುರೆ. ಇವಕ್ಕೆಲ್ಲ ಪೇಟೆಗೆ ಹೋಗಬೇಕು, ದುಡ್ಡು ಬೇಕು. ನಮ್ಮ ಮೇಷ್ಟ್ರ ಕಿಟ್ಟು ಬರುತ್ತಿದ್ದದ್ದು ಶೆಟ್ಟರ ಅಂಗಡಿಯಿಂದ ಮತ್ತು ಸೈಕಲ್ ಶಾಪಿನಿಂದ.

ಕಿಟ್ಟು ಎಂದು ಹೆಸರಿಟ್ಟವರೂ ಅವರೇ. ಒಂದು ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಬೆಂಕಿಪೊಟ್ಟಣಗಳು, ಸುರುಳಿ ಸುತ್ತಿದ ವಾಲ್‌ಟ್ಯೂಬು, ಕಾಗದದಲ್ಲಿ ಮಡಿಸಿಟ್ಟ ಅರ್ಧ ಬ್ಲೇಡು, ದಾರದಲ್ಲಿ ಕಂತೆ ಕಟ್ಟಿದ ಜಾಲಿಮುಳ್ಳು. ಮುಳ್ಳು ತರುವುದು ಹುಡುಗರ ಕೆಲಸ, ಕಡ್ಡಿಯ ಮದ್ದು ಕೆರೆಯುವುದು ಮೇಷ್ಟ್ರದು. ಮದ್ದು ಇದ್ದ ಒಂದು ಕಡ್ಡಿಯನ್ನೂ ನಮ್ಮ ಕೈಗೆ ಕೊಡುತ್ತಿರಲಿಲ್ಲ.

ವಾಲ್‌ಟ್ಯೂಬು ಅಂದರೇನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಹಳೆಯ ಸೈಕಲ್ ಟ್ಯೂಬಿನ ಬಾಯಿಯಲ್ಲಿ ಒಂದು ಸಣ್ಣ ಲೋಹದ ಕೊಳವೆ ಕೂತಿರುತ್ತದೆ. ಅದರ ಮಗ್ಗುಲಲ್ಲಿ ಸೂಜಿಮೊನೆ ಹೋಗುವಷ್ಟು ತೂತು. ಆ ತೂತು ಮುಚ್ಚುವಂತೆ ಎಳೆದು ಹಾಕಿದ ತೆಳು ರಬ್ಬರ್ ಕೊಳವೆಯೇ ವಾಲ್‌ಟ್ಯೂಬು. ಪಂಪು ಒತ್ತಿದಾಗ ಗಾಳಿ ಆ ರಬ್ಬರನ್ನು ಉಬ್ಬಿಸಿಕೊಂಡು ಒಳಗೆ ನುಗ್ಗುತ್ತದೆ. ಒತ್ತುವುದು ನಿಂತ ಕ್ಷಣಕ್ಕೆ ಒಳಗಿನ ಗಾಳಿಯೇ ರಬ್ಬರನ್ನು ಅಮುಕಿ ತೂತು ಮುಚ್ಚುತ್ತದೆ. ಹೊರಗೆ ಹೋಗಲು ಹವಣಿಸುವ ಗಾಳಿ ತನ್ನ ಬಾಗಿಲನ್ನು ತಾನೇ ಹಾಕಿಕೊಳ್ಳುವ ಈ ಉಪಾಯಕ್ಕೆ ಇಂಗ್ಲೆಂಡಿನ ವುಡ್ಸ್ ಎಂಬಾತ 1891ರಲ್ಲಿ ಪೇಟೆಂಟ್ ಪಡೆದ. ನಮ್ಮಲ್ಲಿ ಅದು ಡನ್‌ಲಪ್ ವಾಲ್ವ್ ಎಂದೇ ಹೆಸರಾಯಿತು. ಒಂದು ಕಾಲಕ್ಕೆ ಊರಿನ ಅರ್ಧ ಜನ ಓಡಾಡುತ್ತಿದ್ದದ್ದು ಈ ಒಂದಿಂಚು ರಬ್ಬರಿನ ನಂಬಿಕೆಯ ಮೇಲೆ. ಸೈಕಲ್ ಶಾಪಿನ ಸಾಬ್ರು ಅದನ್ನು ಮೊಳೆಗೆ ನೇತುಹಾಕಿ, ಕೇಳಿದಷ್ಟು ಕತ್ತರಿಸಿ ಕೊಡುತ್ತಿದ್ದರು. ಶಾಲೆಯ ಮಕ್ಕಳಾದರೆ ಅಳತೆಯ ಮೇಲೆ ಬೆರಳುದ್ದ ಹೆಚ್ಚು.

ಆ ರಬ್ಬರಿನ ಬಾಯಿಗೂ ಬೆಂಕಿಕಡ್ಡಿಯ ಮೈಗೂ ಹೊಂದಿಕೆ ಎಷ್ಟು ಸರಿಯಾಗಿದೆಯೆಂದರೆ, ಇಬ್ಬರನ್ನೂ ಒಬ್ಬನೇ ಅಳೆದು ಮಾಡಿದ ಹಾಗೆ. ಕಡ್ಡಿ ತುರುಕಿದರೆ ರಬ್ಬರು ಹಿಗ್ಗಿ ಬಿಗಿಯಾಗಿ ಕಚ್ಚುತ್ತದೆ. ಬೇಕೆಂದಾಗ ಎಳೆದರೆ ಬಿಡುತ್ತದೆ. ಅಂಟು ಬೇಡ, ದಾರ ಬೇಡ. ತಪ್ಪಿದರೆ ಬಿಚ್ಚಿ ಮತ್ತೆ ಕಟ್ಟಬಹುದು.

"ಕಡ್ಡಿ ಯಾರು ಬೇಕಾದ್ರೂ ತರ್ತಾರೆ. ಗಂಟು ಕಲೀಬೇಕು," ಎನ್ನುತ್ತಾರೆ ಮೇಷ್ಟ್ರು, ಆವತ್ತಿನ ಹಾಗೆಯೇ ತೋರುಬೆರಳು ಎತ್ತಿ.

ಗಂಟಿನ ಪಾಠ ಹೀಗೆ ನಡೆಯುತ್ತಿತ್ತು. ಎರಡು ಸೆಂಟಿಮೀಟರಿನ ಒಂದು ತುಂಡು, ಎರಡು ತುದಿಗೆ ಎರಡು ಕಡ್ಡಿ: ಇದು ಎರಡು ಕಾಲಿನ ಗಂಟು. ಅದರ ನಡುವಿಗೆ ಮುಳ್ಳು ಚುಚ್ಚಿ, ಆ ತೂತಿಗೆ ಮೊನೆ ಮಾಡಿದ ಕಡ್ಡಿ ಸಿಕ್ಕಿಸಿದರೆ ಮೂರು ಕಾಲು. ನಾಲ್ಕು ಕಾಲಿನದಕ್ಕೆ ಕೈಚಳಕ ಬೇಕು. ಒಂದು ತುಂಡನ್ನು ಮುಳ್ಳಿನಿಂದ ಚುಚ್ಚಿ ಹಾಗೇ ಹಿಡಿದು, ಮುಳ್ಳಿನ ಮೊನೆಗೆ ಎರಡನೇ ತುಂಡಿನ ಬಾಯಿ ಏರಿಸಿ, ಅದನ್ನು ಎಳೆದೆಳೆದು ಮೊದಲನೆಯದರ ಹೊಟ್ಟೆಯೊಳಗೆ ಅರ್ಧದವರೆಗೆ ದಾಟಿಸಿ ಮುಳ್ಳು ಕೀಳಬೇಕು. ಆ ಗಂಟಿನ ಒಂದು ಕಾಲಿಗೆ ಹಾಗೆಯೇ ಮೂರನೇ ತುಂಡು ದಾಟಿಸಿದರೆ ಆರು ಕಾಲು. ಐದು ಸಾಕೆನ್ನುವಲ್ಲಿ ಒಂದು ಕಾಲನ್ನು ಬ್ಲೇಡಿನಿಂದ ಕತ್ತರಿಸುವುದು. ಗೋಳಕ್ಕೆ ಐದು ಕಾಲಿನ ಗಂಟು ಹನ್ನೆರಡು ಬೇಕು. ಲೆಕ್ಕ ಹಾಕಿ: ಮೂವತ್ತಾರು ತುಂಡು, ಹತ್ತಿರ ಹತ್ತಿರ ಎರಡೂವರೆ ಅಡಿ ವಾಲ್‌ಟ್ಯೂಬು.

ಮೂರು ಕಡ್ಡಿಯ ತ್ರಿಕೋನ ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಬೆರಳು ತಾಗಿದರೆ ಸಾಕು, ಓರೆಯಾಗಿ ಮಲಗುತ್ತದೆ. ಮನೆಯ ಮಾಡಿನ ಕೆಳಗೆ ಮರದ ತೊಲೆಗಳು ತ್ರಿಕೋನವಾಗಿ ಯಾಕೆ ನಿಂತಿವೆ ಎಂದು ನಮಗೆ ಗೊತ್ತಾದದ್ದು ಹಾಗೆ. ಆಮೇಲೆ ಘನಾಕೃತಿ. ಎಂಟು ಮೂಲೆ, ಹನ್ನೆರಡು ಕಡ್ಡಿ ಸೇರಿಸಿ ಮೇಜಿನ ಮೇಲೆ ಇಟ್ಟರೆ ಕುಡಿದವನ ಹಾಗೆ ತೂರಾಡಿ ಕುಸಿಯಿತು. ನಮಗೆ ಅಳು. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಬರೆದರು: ಗಂಟುಗಳನ್ನು ಮೂರರಿಂದ ಗುಣಿಸು, ಆರು ಕಳೆ, ಆಕೃತಿ ಸೆಟೆದು ನಿಲ್ಲಬೇಕಾದರೆ ಕಡಿಮೆಯೆಂದರೂ ಅಷ್ಟು ಕಡ್ಡಿ ಬೇಕು. ನಾಲ್ಕು ಗಂಟಿಗೆ ಆರು, ಆರು ಗಂಟಿಗೆ ಹನ್ನೆರಡು, ಹನ್ನೆರಡಕ್ಕೆ ಮೂವತ್ತು. ಎಂಟಕ್ಕೆ ಹದಿನೆಂಟು! ನಮ್ಮ ಹತ್ತಿರ ಇದ್ದದ್ದು ಹನ್ನೆರಡು. ಕೊರತೆ ಆರು. ಘನಕ್ಕೆ ಮುಖ ಎಷ್ಟು? ಆರು. ಮುಖಕ್ಕೊಂದು ಓರೆಕಡ್ಡಿ ಹಾಕಿ.

ಓರೆಗೆ ಬೆಂಕಿಕಡ್ಡಿಯ ಉದ್ದ ಸಾಲದು. ಬದಿ ಒಂದಾದರೆ ಓರೆ 1.414. ತೆಂಗಿನಗರಿಯ ಪೊರಕೆಯಿಂದ ಕಡ್ಡಿ ಕಿತ್ತು, ಅಳೆದು ಮುರಿದೆವು. ಎರಡರ ವರ್ಗಮೂಲವನ್ನು ನಾನು ಮೊದಲು ಕಂಡದ್ದು ಪೊರಕೆಕಡ್ಡಿಯಲ್ಲಿ, ಪುಸ್ತಕದಲ್ಲಿ ಅದು ಬಂದದ್ದು ವರ್ಷಗಳ ನಂತರ. ಓರೆಗಳನ್ನು ಸರಿಯಾಗಿ ಆರಿಸಿಕೊಂಡರೆ ನಾಲ್ಕು ಮೂಲೆಗೆ ಆರು ಕಾಲಿನ ಗಂಟು, ಮಿಕ್ಕ ನಾಲ್ಕಕ್ಕೆ ಮೂರು ಕಾಲಿನದು. ಕಟ್ಟಿ ಮುಗಿಸಿ ನೋಡಿದರೆ ಆ ಆರು ಪೊರಕೆಕಡ್ಡಿಗಳು ತಮ್ಮತಮ್ಮಲ್ಲೇ ಕೂಡಿ ಘನದ ಹೊಟ್ಟೆಯೊಳಗೆ ಇನ್ನೊಂದು ಆಕೃತಿ ಕಟ್ಟಿಕೊಂಡಿದ್ದವು: ನಾಲ್ಕು ತ್ರಿಕೋನದ ಚತುರ್ಮುಖಿ. ಯಾರೂ ಅದನ್ನು ಮಾಡಲು ಹೋಗಿರಲಿಲ್ಲ. ಅದು ತಾನಾಗಿ ಬಂದು ಕೂತಿತ್ತು. ಆ ಹೊತ್ತಿನ ಮೈಝುಮ್ಮನ್ನು ನಾನು ಇನ್ನೂ ಮರೆತಿಲ್ಲ.

ಈ ಕಿಟ್ಟು ಮೇಷ್ಟ್ರ ಸ್ವಂತದ್ದಲ್ಲ, ಹಾಗೆಂದು ಅವರು ಹೇಳಿಕೊಂಡದ್ದೂ ಇಲ್ಲ. ಅದರ ಮೂಲ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿದೆ. ಈಗ ಅದು ನರ್ಮದಾಪುರಂ. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅಲ್ಲಿನ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ, ಮಕ್ಕಳು ಕೈಯಾರೆ ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯುವ ಕಾರ್ಯಕ್ರಮ ಆರಂಭಿಸಿದವು. ಶಾಲೆ ಶಾಲೆಗೂ ಒಂದು ಕಿಟ್ಟು ಹೋಗುತ್ತಿತ್ತು. ಟಾಟಾ ಸಂಶೋಧನಾ ಸಂಸ್ಥೆಯ, ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಳ್ಳಿ ಮೇಷ್ಟ್ರುಗಳ ಜೊತೆ ನೆಲದ ಮೇಲೆ ಕೂತು ಕೆಲಸ ಮಾಡಿದರು. ಆ ಬಳಗಕ್ಕೆ 1978ರಲ್ಲಿ, ಪುಣೆಯ ಟೆಲ್ಕೊ ಕಾರ್ಖಾನೆಯಿಂದ ರಜೆ ಹಾಕಿ ಬಂದ ತರುಣ ಅರವಿಂದ ಗುಪ್ತಾ. ಕಾನ್ಪುರ ಐಐಟಿಯಲ್ಲಿ ಓದಿದ ಎಂಜಿನಿಯರು. ಹಳ್ಳಿಯ ಸಂತೆಯಲ್ಲಿ ಕಾಸಿಗೆ ಸಿಗುವ ಸಾಮಾನಿನಿಂದ ಏನು ಕಲಿಸಬಹುದೆಂದು ಹುಡುಕುತ್ತ ಅವರು ಬೆಂಕಿಕಡ್ಡಿ ಮತ್ತು ವಾಲ್‌ಟ್ಯೂಬನ್ನು ಜೊತೆಗೂಡಿಸಿದರು. ಅವರು ಹುಟ್ಟಿದ ಬರೇಲಿಯಲ್ಲಿ ವಿಮ್ಕೊ ಕಂಪನಿಯ ದೊಡ್ಡ ಬೆಂಕಿಪೊಟ್ಟಣ ಕಾರ್ಖಾನೆ ಇತ್ತೆಂಬುದನ್ನು ಮೇಷ್ಟ್ರು ಪ್ರತಿಸಲವೂ ಸೇರಿಸಿ ಹೇಳುತ್ತಾರೆ.

ಕಡ್ಡಿಯ ಆ ಆಟಗಳು ಒಂದು ತೆಳುಪುಸ್ತಕವಾಗಿ, ಹಲವು ಭಾರತೀಯ ಭಾಷೆಗಳಿಗೆ ಹೋಗಿ, ಲಕ್ಷಗಟ್ಟಲೆ ಪ್ರತಿಗಳಲ್ಲಿ ದೇಶ ಸುತ್ತಿದವು. ಅಂಥ ಒಂದು ಪ್ರತಿ ಮೈಸೂರಿನ ತರಬೇತಿಯೊಂದರಲ್ಲಿ ನಮ್ಮ ಮೇಷ್ಟ್ರ ಕೈಗೆ ಸಿಕ್ಕಿತು. ಗುಪ್ತಾ ಅವರು ಮುಂದೆ ಪುಣೆಯ ಅಯುಕಾ ಆವರಣದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದರು. 2018ರಲ್ಲಿ ಪದ್ಮಶ್ರೀ ಬಂತು. ಹೋಶಂಗಾಬಾದಿನ ಕಾರ್ಯಕ್ರಮ ಮಾತ್ರ ಮೂವತ್ತು ವರ್ಷ ನಡೆದು, ಹಲವು ಜಿಲ್ಲೆಗೆ ಹಬ್ಬಿ, 2002ರಲ್ಲಿ ಸರಕಾರದ ಆದೇಶದಿಂದ ನಿಂತುಹೋಯಿತು. ನಿಲ್ಲಿಸಿದ್ದು ತಪ್ಪು. ಬಯಲುಸೀಮೆಯ ಒಂದು ಶಾಲೆಯ ಬೆಂಚಿನ ತನಕ ಅದರ ಬಿಸಿ ತಾಗಿತ್ತು ಎಂದು ಸಾಕ್ಷಿ ಹೇಳಬಲ್ಲವರಲ್ಲಿ ನಾನೂ ಒಬ್ಬಳು.

ಸಾಬ್ರ ಅಂಗಡಿಯನ್ನು ಈಗ ಅವರ ಮಗ ನೋಡಿಕೊಳ್ಳುತ್ತಾರೆ. ಮುಂದೆ ಸಾಲಾಗಿ ನಿಂತಿರುವುದು ಸ್ಕೂಟರು, ಮೋಟಾರುಬೈಕು. "ವಾಲ್‌ಟ್ಯೂಬಾ? ನೋಡ್ಬೇಕು ತಾಳಿ ಅಕ್ಕಾ," ಎಂದು ಒಳಗೆ ಹೋದರು. ಹೊಸ ಸೈಕಲ್ಲುಗಳಲ್ಲಿ ವಾಲ್ವೇ ಬೇರೆ. 2006ರಿಂದ ಸರಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದ ವರ್ಷಗಳಲ್ಲಿ ವ್ಯಾಪಾರ ಚೆನ್ನಾಗಿತ್ತಂತೆ, ಈಗ ಕೇಳುವವರು ಅಪರೂಪ. ಕೊನೆಗೆ ಡಬ್ಬದ ತಳದಲ್ಲಿ ಒಂದು ಸುರುಳಿ ಸಿಕ್ಕಿತು. ಎಳೆದು ನೋಡಿದೆ. ಜೀವ ಇತ್ತು. ಬೆಂಕಿಪೊಟ್ಟಣಕ್ಕಂತೂ ತೊಂದರೆಯಿಲ್ಲ. ಹದಿನಾಲ್ಕು ವರ್ಷ ಒಂದು ರೂಪಾಯಿಯಲ್ಲೇ ನಿಂತಿದ್ದ ಅದರ ಬೆಲೆ 2021ರ ಡಿಸೆಂಬರಿನಲ್ಲಿ ಎರಡಾಯಿತು, ಒಳಗಿನ ಕಡ್ಡಿಗಳೂ ಮೂವತ್ತಾರರಿಂದ ಐವತ್ತಕ್ಕೆ ಏರಿದವು. ಒಂದು ಗೋಳಕ್ಕೆ ಈಗಲೂ ಒಂದೇ ಪೊಟ್ಟಣ ಸಾಕು.

ನನ್ನ ಅಣ್ಣನ ಮಗಳಿಗೆ ಹುಟ್ಟಿದಹಬ್ಬಕ್ಕೆ ಬಂದ ಕಿಟ್ಟುಗಳನ್ನು ನೋಡಿದ್ದೇನೆ. ಬಣ್ಣದ ಪೆಟ್ಟಿಗೆ, ಎಣಿಸಿ ಹಾಕಿದ ತುಂಡುಗಳು, ಏನು ಮಾಡಬೇಕೆಂಬ ಚಿತ್ರ. ಚೆನ್ನಾಗಿಯೇ ಇವೆ. ಒಂದು ತುಂಡು ಮಂಚದ ಕೆಳಗೆ ಸೇರಿತೆಂದರೆ ಮಾತ್ರ ಪೆಟ್ಟಿಗೆ ಅಟ್ಟ ಸೇರುತ್ತದೆ. ನಮ್ಮ ಡಬ್ಬಿಯಲ್ಲಿ ಏನು ಕಳೆದರೂ ಬೀದಿ ದಾಟಿ ತರಬಹುದಿತ್ತು. ಕೆಲವು ಸಲ ಬೇಲಿಯಿಂದಲೇ ಕಿತ್ತು ತರಬಹುದಿತ್ತು.

ಮಧ್ಯಾಹ್ನ ಊಟವಾದ ಮೇಲೆ ಮೇಷ್ಟ್ರೂ ನಾನೂ ಹೊಸ ಗೋಳಕ್ಕೆ ಕೂತೆವು. ಡಬ್ಬಿ ಅದೇ, ಮುಚ್ಚಳಕ್ಕೆ ತುಕ್ಕು. ಮುಳ್ಳಿನ ಕಂತೆಯೂ ಇತ್ತು. ಮದ್ದು ಕೆರೆಯಲು ಬ್ಲೇಡು ಎತ್ತಿಕೊಂಡೆ; ಅವರು ಕೈ ಚಾಚಿದರು, ಕೊಟ್ಟೆ. ಅವರ ಬೆರಳು ಈಗ ನಡುಗುತ್ತದೆ. ಹತ್ತು ಕಡ್ಡಿ ಕೆರೆದು ಬ್ಲೇಡನ್ನು ನನ್ನ ಕಡೆ ಸರಿಸಿ, "ಇನ್ನು ನೀನೇ ಕೆರಿ. ನಾನು ಲೆಕ್ಕ ಹೇಳ್ತೀನಿ," ಅಂದರು. ನಾಲ್ಕು ಕಾಲಿನ ಗಂಟು ಮೊದಲೆರಡು ಸಲ ಹರಿಯಿತು. ಮೂರನೆಯದಕ್ಕೆ ಬೆರಳಿಗೆ ನೆನಪು ಬಂತು. ಮೇಷ್ಟ್ರ ಮನೆಯವರು ಕಾಫಿ ತಂದಿಟ್ಟು, "ಇವ್ರು ಇಷ್ಟೊತ್ತು ಎದ್ದು ಕೂತಿದ್ದು ಎಷ್ಟೋ ದಿನ ಆಗಿತ್ತು," ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.

ಇಪ್ಪತ್ತೆರಡು ಕಡ್ಡಿಯಾಗುವ ಹೊತ್ತಿಗೆ ಕೊನೆಯ ಬಸ್ಸಿನ ಸಮಯ. ಮಿಕ್ಕ ಎಂಟನ್ನು ಮೇಷ್ಟ್ರು ಒಂದೊಂದಾಗಿ ಎಣಿಸಿ ಪೊಟ್ಟಣಕ್ಕೆ ಹಾಕಿ ಕೊಟ್ಟರು. ಜೊತೆಗೆ ಒಂದು ಮುಳ್ಳು.

"ಮೂವತ್ತೂ ಬೀಳೋವರೆಗೆ ನಿಲ್ಲಲ್ಲ ಅದು, ಗೊತ್ತಲ್ಲ?"

"ಗೊತ್ತು ಸಾರ್."

ಕಿಟಕಿ ಪಕ್ಕದ ಸೀಟು ಸಿಕ್ಕಿತು. ತೊಡೆಯ ಮೇಲೆ ಗೋಳ, ಬಸ್ಸಿನ ಪ್ರತಿ ಕುಲುಕಿಗೂ ಒಂದು ಮಗ್ಗುಲಿಗೆ ಒರಗಿ, ಮತ್ತೆ ಎದ್ದು, ಇನ್ನೊಂದು ಮಗ್ಗುಲಿಗೆ ಒರಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿ ತುಂಬ ಹೊತ್ತು ಅದನ್ನೇ ನೋಡುತ್ತಿದ್ದಳು. ಗುಬ್ಬಿ ದಾಟಿದ ಮೇಲೆ ಕೇಳಿದಳು: "ಆಂಟಿ, ಇದು ಏನಾಗುತ್ತೆ?"

ನಾನು ಪೊಟ್ಟಣ ತೆರೆದು ಒಂದು ಕಡ್ಡಿ ಅವಳ ಕೈಗೆ ಕೊಟ್ಟೆ.