ಕಡಲ ಗಾಳಿಯೂ ಸೈಕಲ್ ತಂಡವೂ

ಕಾರವಾರದಿಂದ ಮಂಗಳೂರಿಗೆ ಕರಾವಳಿಯ ಹೆದ್ದಾರಿಯಲ್ಲಿ ಸುಮಾರು 270 ಕಿಲೋಮೀಟರು. ಮೋಟಾರಿನಲ್ಲಿ ಹೋಗುವವರಿಗೆ ಇದು ಒಂದು ಹಗಲಿನ ದಾರಿ. ಹತ್ತು ಹನ್ನೆರಡು ಮಂದಿ ಗೆಳೆಯರು ಕೂಡಿಕೊಂಡು ಸೈಕಲ್ ತುಳಿದು ಹೋಗುವುದಾದರೆ ಮೂರು ದಿನ ಬೇಕು. ಇದಕ್ಕೆ ಕಾಲಿನ ಬಲವೊಂದಿದ್ದರೆ ಸಾಕೆಂದು ನೀವು ಎಣಿಸಬಹುದು. ಆದರೆ ಅದಕ್ಕಿಂತಲೂ ಮುಖ್ಯವಾದವು ಎರಡುಂಟು: ಒಂದು, ಗಾಳಿಯ ಗುಣವನ್ನು ಅರಿಯುವುದು, ಇನ್ನೊಂದು, ತಂಡದ ನಡೆಯನ್ನು ಕಲಿಯುವುದು.

ಮೊದಲು ಗಾಳಿಯ ವಿಚಾರ. ಬಿಸಿಲೇರಿದಂತೆ ನೆಲವು ಸಮುದ್ರಕ್ಕಿಂತ ಬೇಗನೆ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿ, ಆ ತೆರವನ್ನು ತುಂಬಲು ಕಡಲಿನ ತಂಪುಗಾಳಿ ಒಳಕ್ಕೆ ನುಗ್ಗುತ್ತದೆ. ರಾತ್ರಿ ನೆಲವೇ ಬೇಗ ತಣಿಯುವುದರಿಂದ ಬೆಳಗಿನ ಜಾವದಲ್ಲಿ ಗಾಳಿ ನೆಲದಿಂದ ಕಡಲಿಗೆ ಮೆಲ್ಲನೆ ಬೀಸುತ್ತಿರುತ್ತದೆ. ಚಳಿಗಾಲದ ತಿಂಗಳುಗಳಲ್ಲಿ ನಮ್ಮ ಪಡುಗಡಲಿನ ಈ ಹಗಲ ಗಾಳಿ ಸಾಮಾನ್ಯವಾಗಿ ವಾಯವ್ಯದಿಂದ ಬರುತ್ತದೆ. ಆದುದರಿಂದ ಮಂಗಳೂರಿನಿಂದ ಉತ್ತರಕ್ಕೆ ಹೊರಟವನಿಗೆ ಮಧ್ಯಾಹ್ನ ಅದು ಎದುರುಗಾಳಿ. ಕಾರವಾರದಿಂದ ದಕ್ಷಿಣಕ್ಕೆ ಬರುವವನಿಗೆ ಬೆನ್ನು ತಟ್ಟುವ ಗೆಳೆಯ. ದಕ್ಷಿಣಕ್ಕೆ ಬರುವಾಗ ಒಂದು ನಷ್ಟವೂ ಉಂಟು. ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರಾದ್ದರಿಂದ ಕಡಲು ರಸ್ತೆಯ ಆಚೆ ಬದಿಗೆ ಉಳಿಯುತ್ತದೆ. ಆದರೆ ಎದುರುಗಾಳಿಗೆ ತಲೆ ಬಗ್ಗಿಸಿ ತುಳಿಯುವವನಿಗೆ ಕಡಲು ಪಕ್ಕದಲ್ಲಿದ್ದೂ ಕಾಣುವುದು ಅಷ್ಟಕ್ಕಷ್ಟೆ!

ಮೊದಲ ದಿನ ಕಾರವಾರದಿಂದ ಅಂಕೋಲೆ, ಕುಮಟೆಗಳನ್ನು ಹಾದು ಹೊನ್ನಾವರಕ್ಕೆ ಬರಬಹುದು. ಇಲ್ಲಿ ಘಟ್ಟದ ಮಗ್ಗುಲುಗಳು ಕಡಲಿನ ಹತ್ತಿರಕ್ಕೇ ಚಾಚಿರುವುದರಿಂದ ಏರಿಳಿತ ಹೆಚ್ಚು. ಕಾಲು ದಣಿಯದಿರುವಾಗಲೇ ಅವು ಮುಗಿದುಹೋಗುವುದು ಒಳ್ಳೆಯದು. ಎರಡನೆಯ ದಿನ ಶರಾವತಿಯನ್ನು ದಾಟಿ ಭಟ್ಕಳ, ಬೈಂದೂರುಗಳ ಮೂಲಕ ಕುಂದಾಪುರ. ಈ ದಿನದ ಸೊಬಗೆಂದರೆ ಮರವಂತೆ: ರಸ್ತೆಯ ಪಡುವಣಕ್ಕೆ ಮೊರೆಯುವ ಸಮುದ್ರ, ಮೂಡಣಕ್ಕೆ ಸದ್ದಿಲ್ಲದೆ ಹರಿಯುವ ಸೌಪರ್ಣಿಕೆ. ಇಲ್ಲಿ ಸೈಕಲಿನಿಂದ ಇಳಿದು ನಿಂತು ನೋಡಿರಿ. ತುಳಿಯುತ್ತಲೇ ಕತ್ತು ತಿರುಗಿಸಬೇಡಿರಿ. ಮೂರನೆಯ ದಿನ ಉಡುಪಿ, ಮೂಲ್ಕಿಗಳನ್ನು ಹಾದು ಮಂಗಳೂರು. ದಿನಕ್ಕೆ ಸುಮಾರು 90 ಕಿಲೋಮೀಟರು. ಬೆಳಕು ಹರಿಯುತ್ತಲೇ ಹೊರಟರೆ ತಡವಾದ ಊಟದ ಹೊತ್ತಿಗೆ ಬಿಡಾರ ಸೇರಬಹುದು. ದಾರಿಯಲ್ಲಿ ಎಳನೀರಿಗೆ ಬರವಿಲ್ಲ. ಬಾಯಾರುವ ಮೊದಲೇ ಕುಡಿಯುವುದು ಜಾಣತನ.

ಇನ್ನು ತಂಡದ ನಡೆ. ಗಂಟೆಗೆ 20 ಕಿಲೋಮೀಟರು ವೇಗವನ್ನು ದಾಟಿದ ಮೇಲೆ ಸಮತಟ್ಟು ದಾರಿಯಲ್ಲಿ ನಮ್ಮ ಶಕ್ತಿಯ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಮುಂದಿನವನು ಸೀಳಿದ ಗಾಳಿಯ ಮರೆಯಲ್ಲಿ ಹಿಂದಿನವನಿಗೆ ಶ್ರಮ ಕಡಿಮೆ. ಆದ್ದರಿಂದ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಿ, ಮುಂದಾಳಿನ ಸ್ಥಾನವನ್ನು ಸರದಿಯಂತೆ ಬದಲಾಯಿಸಬೇಕು. ಅಂತರ ಮಾತ್ರ ಒಂದು ಸೈಕಲಿನ ಉದ್ದಕ್ಕೆ ಕಡಿಮೆಯಾಗಬಾರದು. ಮುಂದಿನ ಸೈಕಲಿನ ಹಿಂಗಾಲಿಗೆ ನಿಮ್ಮ ಮುಂಗಾಲಿ ತಗುಲಿದರೆ ಬೀಳುವವರು ನೀವೇ. ಗುಂಡಿ ಕಂಡವನು ಕೂಗಿ ಹೇಳಲಿ. ಹಿಂದಿನವನು ಅದನ್ನೇ ಕೂಗಿ ದಾಟಿಸಲಿ.

ಬಲಶಾಲಿಗಳು ಮುಂದೆ ಓಡಿ, ಎಲ್ಲೋ ನೆರಳಿನಲ್ಲಿ ಕಾದು, ಹಿಂದಿನವರು ಏದುಸಿರು ಬಿಡುತ್ತ ಬಂದೊಡನೆ ಮತ್ತೆ ಹೊರಡುವುದುಂಟು. ಇದರಿಂದ ವಿಶ್ರಾಂತಿ ಬೇಡದವರಿಗೆ ವಿಶ್ರಾಂತಿ. ಬೇಕಾದವರಿಗೆ ಅದೇ ಇಲ್ಲ. ದಣಿದವನು ಲಾರಿಗಳ ನಡುವೆ ಒಂಟಿಯಾಗುತ್ತಾನೆ, ಅಪಾಯವಿರುವುದು ಅಲ್ಲಿಯೇ. ತಂಡದಲ್ಲಿ ಎಲ್ಲರಿಗಿಂತ ನಿಧಾನವಾದವನ ವೇಗವೇ ತಂಡದ ವೇಗವಾಗಬೇಕು. ಅನುಭವಿಯೊಬ್ಬನು ಕೊನೆಯಲ್ಲಿದ್ದು, ಯಾರನ್ನೂ ಹಿಂದೆ ಬಿಡದೆ ಬರಬೇಕು.

ಕೊನೆಯದಾಗಿ, ಕಾಲವನ್ನು ನೋಡಿ ಹೊರಡಿರಿ. ಮುಂಗಾರಿನ ತಿಂಗಳುಗಳು ಈ ಯಾತ್ರೆಗೆ ತಕ್ಕವಲ್ಲ. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯ ಮೇಲೆ ಬಿದ್ದು ಹಲವರು ಪ್ರಾಣ ಕಳೆದುಕೊಂಡರು. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಹಿತಕರ. ಮನೆಯ ಮಕ್ಕಳು ಇಂಥ ಯಾತ್ರೆಗೆ ಅನುಮತಿ ಬೇಡಿದರೆ, "ದಿನಕ್ಕೆ ಎಷ್ಟು ದೂರ?" ಎಂದು ಕೇಳುವ ಮೊದಲು, "ನಿಮ್ಮಲ್ಲಿ ಕೊನೆಯಲ್ಲಿ ಬರುವವರು ಯಾರು?" ಎಂದು ಕೇಳಿರಿ. ಆ ಪ್ರಶ್ನೆಗೆ ಉತ್ತರ ಸಿದ್ಧವಿದ್ದರೆ ಅದು ತಂಡ, ಧೈರ್ಯವಾಗಿ ಕಳುಹಿಸಿಕೊಡಬಹುದು.